ಅರ್ಧಕ್ಕೇ ಹಸಿರು ದೀಪ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದುಡಿಯುವುದು ಎಳೆ ತೆಗೆಯುವ ಕಾರ್ಖಾನೆಯಲ್ಲಿ. ಅಲ್ಲಿ ಎಳೆದೂ ಎಳೆದೂ ಈಗ ಮಾತನ್ನೂ ಎಳೆಯುತ್ತಾರೆ, ಕಾಲನ್ನೂ ಎಳೆಯುತ್ತಾರೆ. ಮೊದಲೆಲ್ಲ ನನ್ನ ಕಾಲು, ಈಚೆಗೆ ಅವರದೇ.

ರಬ್ಬರಿನಂತೆ ಹಿಗ್ಗುವ, ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಎಳೆ ಅದು. ಒಂದು ತುದಿಯಲ್ಲಿ ಬಿಟ್ಟ ಬೆಳಕು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಎಳೆ ಹಿಗ್ಗಿದಷ್ಟೂ ಬೆಳಕು ಕುಗ್ಗುತ್ತದೆ. ಇದನ್ನು ಮಂಡಿಗೆ ಕಟ್ಟುವ ಪಟ್ಟಿಯೊಳಗೆ ಹೊಲಿದು ಮಂಡಿ ಆಪರೇಷನ್ ಆದವರಿಗೆ ಕೊಡುತ್ತಾರೆ. ಕಾಲು ಮಡಿಸಿದಂತೆ ಎಳೆ ಹಿಗ್ಗುತ್ತದೆ; ಪೂರ್ತಿ ಮಡಿಸಿದರೆ ಪಟ್ಟಿಯ ಮೇಲೆ ಹಸಿರು ದೀಪ. ಪೂರ್ತಿ ಎಂದರೆ ಎಷ್ಟು ಎಂದು ಪ್ರತಿ ಪಟ್ಟಿಗೂ ಮೊದಲೇ ಕಲಿಸಬೇಕು. ಯಾರಾದರೂ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಗುಂಡಿ ಒತ್ತಿ ಏಳಬೇಕು. ಆ ಯಾರಾದರೂ ನಮ್ಮ ಭಾವ. ಶಾಲೆಯಲ್ಲಿ ಶಿಕ್ಷೆಯಾಗಿ ಕೊಡುವ ಬಸ್ಕಿಯನ್ನು ಅವರಿಗೆ ಸಂಬಳಕ್ಕೆ ಕೊಟ್ಟಿದ್ದರು.

ವರ್ಷಗಟ್ಟಲೆ ಬಸ್ಕಿ ಹೊಡೆದ ಮಂಡಿ ಕೊನೆಗೆ ಮುಷ್ಕರ ಹೂಡಿತು. ಕೂರಲಾಗದವನಿಗೆ ಅಲ್ಲೇನು ಕೆಲಸ? ಭಾವ ಯಾರಿಗೂ ಹೇಳಲಿಲ್ಲ, ಅಕ್ಕನಿಗೂ. ಅರ್ಧಕ್ಕೆ ಬಗ್ಗಿ, ಹಲ್ಲು ಕಚ್ಚಿ ಗುಂಡಿ ಒತ್ತುತ್ತಿದ್ದರು. ಪಟ್ಟಿಗಳೋ ವಿಧೇಯ ವಿದ್ಯಾರ್ಥಿಗಳು. ಅರ್ಧವನ್ನೇ ಪೂರ್ತಿ ಎಂದು ಕಲಿತವು.

ಆಸ್ಪತ್ರೆಯಿಂದ ಫೋನು ಬಂತು: ಕಾಲು ಮಡಿಸಲಾಗದವರಿಗೂ ಹಸಿರು ಹತ್ತುತ್ತಿದೆ. ಸೂಪರ್‌ವೈಸರ್ ಮೇಡಂ ಪಟ್ಟಿಯೊಂದನ್ನು ಹಿಡಿದು ಭಾವನ ಹತ್ತಿರ ಬಂದರು.

"ಕಟ್ಕೊಂಡು ಕೂತ್ಕೊಳ್ಳಿ, ನೋಡೋಣ."

ಭಾವ ಬಗ್ಗಿದರು. ಅರ್ಧದಲ್ಲೇ ಹಸಿರು.

"ಇನ್ನೂ ಕೆಳಗೆ."

"ದೀಪ ಹತ್ತಿತಲ್ಲ ಮೇಡಂ?"

"ದೀಪಕ್ಕೇನ್ರೀ, ನೀವು ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಿದೆ. ನೀವು ಕೂತ್ಕೊಳ್ಳಿ."

ಭಾವ ಕೂರಲೂ ಇಲ್ಲ, ಏಳಲೂ ಇಲ್ಲ. ಮೇಜಿನ ಅಂಚು ಹಿಡಿದು ನಡುವೆಯೇ ನಿಂತರು. "ಆಗಲ್ಲ ಮೇಡಂ. ಬಹಳ ದಿನದಿಂದ ಆಗ್ತಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ."

ಮೇಡಂ ಬೈದರು, ಬೈಯುವಂಥದ್ದೇ ಆಗಿತ್ತು. ಹಸಿರು ನೋಡಿ ಕೆಲವರು ವ್ಯಾಯಾಮವನ್ನೇ ನಿಲ್ಲಿಸಿದ್ದರಂತೆ. ಪಟ್ಟಿಗಳನ್ನೆಲ್ಲ ವಾಪಸ್ ತರಿಸಿದರು. ಬಸ್ಕಿ ಇನ್ನೊಬ್ಬರ ಪಾಲಾಯಿತು. ಭಾವನನ್ನು ಮಾತ್ರ ಮನೆಗೆ ಕಳಿಸಲಿಲ್ಲ. ಪಟ್ಟಿಗಳಿಗೆ ಕಲಿಸಿದ್ದನ್ನು ಒಂದೊಂದಾಗಿ ಅಳಿಸಲು ಕುರ್ಚಿ ಹಾಕಿಸಿದರು.

"ನನಗಾದ್ರೂ ಹೇಳಬಾರದಿತ್ತೇನ್ರೀ?" ಎಂದಳು ಅಕ್ಕ, ಮನೆಯಲ್ಲಿ ವಿಷಯ ತಿಳಿದ ಮೇಲೆ.

"ಹೇಳಿದ್ರೆ ನೀನು ಕೆಲಸ ಬಿಡಿ ಅಂತಿದ್ದೆ."

"ಅಂತಿದ್ದೆ, ನಿಜ." ಅಕ್ಕ ಅವರ ಮಂಡಿಯನ್ನು ನೋಡಿದಳು. "ಈಗ ಕೂತೇ ಇರ್ತೀರಾ ದಿನವೆಲ್ಲ?"

"ಹ್ಞೂಂ."

"ಏಳೋದು?"

"ಅದಕ್ಕೆ ಸಂಜೆವರೆಗೂ ಟೈಮಿದೆ ಕಣೇ" ಎಂದರು ಭಾವ.