ನಲವತ್ತೊಂದನೇ ಸೈಟು

ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ ಒಂದು ಮರದ ಮೇಜು, ಒಂದು ಟೈಪ್‌ರೈಟರ್, ಎರಡು ಕುರ್ಚಿ. ಇಪ್ಪತ್ತಾರು ವರ್ಷ ಅಲ್ಲೇ ಕೂತು ಜನರ ಮನೆ, ಜಮೀನಿನ ಕ್ರಯಪತ್ರ ಬರೆದುಕೊಟ್ಟವಳನ್ನು ಊರು ಪತ್ರದಮ್ಮ ಎಂದೇ ಕರೆಯುತ್ತಿತ್ತು. ಗಂಡ ಕೊಡೆ ರಿಪೇರಿ ಮಾಡುವವನು, ಮಕ್ಕಳಿರಲಿಲ್ಲ. ಬಾಡಿಗೆಗಿದ್ದ ಎರಡು ಕೋಣೆಯ ಮನೆಯನ್ನೇ ಕೊಳ್ಳಬೇಕೆಂದು ಇಬ್ಬರೂ ಹದಿನೈದು ವರ್ಷದಿಂದ ದುಡ್ಡು ಕೂಡಿಹಾಕುತ್ತಿದ್ದರು. ವರ್ಷದ ಕೊನೆಗೆ ಕೊಡುತ್ತೇನೆ ಎಂದು ಮಾಲೀಕನೂ ಒಪ್ಪಿದ್ದ.

ಆ ವರ್ಷವೇ ಊರ ಮೂಡಲಿನ ಜೌಗಿನ ಹತ್ತಿರ ಹೊಸ ರೈಲು ನಿಲ್ದಾಣ ಬರುತ್ತದಂತೆ ಎಂಬ ಸುದ್ದಿ ಹುಟ್ಟಿತು. ಯಾರು ಹೇಳಿದರು ಎಂದರೆ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಿದ್ದರು. ಹೊರಗಿನವನೊಬ್ಬ ಆ ನೆಲವನ್ನು ಕೊಂಡು, ಕಾಗದದ ಮೇಲೆ ಗೆರೆ ಎಳೆದು ಇನ್ನೂರು ಸೈಟು ಮಾಡಿದ.

ಕೆಲಸ ಹೆಚ್ಚಿದ್ದಕ್ಕೆ ಪತ್ರದಮ್ಮನಿಗೆ ಮೊದಮೊದಲು ಖುಷಿಯೇ ಆಯಿತು. ಆ ಖುಷಿ ಇಂಗಿದ್ದು ನಲವತ್ತೊಂದನೇ ಸೈಟಿನ ಪತ್ರವನ್ನು ಒಂದೇ ತಿಂಗಳಲ್ಲಿ ಮೂರನೆಯ ಸಲ ಟೈಪು ಮಾಡುವಾಗ. ಹೋದ ಸಲ ಕೊಂಡವನು ಈ ಸಲ ಮಾರುವವನು. ನಾಲ್ಕು ದಿಕ್ಕಿನ ಚಕ್ಕುಬಂದಿ ಅದೇ, ಅಳತೆ ಅದೇ. ಬೆಲೆ ಮಾತ್ರ ಎರಡರಷ್ಟು. ಜಾಗ ನೋಡಿದಿರಾ ಎಂದು ಕೊಳ್ಳುವವನನ್ನು ಕೇಳಿದಳು. ನೋಡಿ ಏನಾಗಬೇಕು, ಮುಂದಿನ ತಿಂಗಳು ಮಾರುವುದೇ ಅಲ್ಲವೇ ಎಂದ ಅವನು.

ರಜೆಯ ದಿನ ಅವಳೇ ನಡೆದು ಹೋಗಿ ನೋಡಿದಳು. ಆಳೆತ್ತರದ ಜೊಂಡು, ಹಿಮ್ಮಡಿ ಹೂಳುವ ಕೆಸರು. ಒಂದು ಗಡಿಕಲ್ಲೂ ಇರಲಿಲ್ಲ. ಅಲ್ಲಿಂದ ನೇರ ತಮ್ಮನ ಕ್ಷೌರದ ಅಂಗಡಿಗೆ ಹೋದಳು. ಅವನು ಅಂಗಡಿಯನ್ನೇ ಮಾರಿ ಅಲ್ಲಿ ಎರಡು ಸೈಟು ಹಿಡಿಯಲು ಹೊರಟಿದ್ದ.

"ಬೇಡ ಕಣೋ," ಎಂದಳು. "ಅಲ್ಲಿ ಕಪ್ಪೆ ಬಿಟ್ರೆ ಯಾರೂ ಇಲ್ಲ. ಕಾಗದ ಕೈ ಬದಲಾಯಿಸ್ತಿದೆ ಅಷ್ಟೆ."

ತಮ್ಮ ಅಕ್ಕನ ಮಾತು ಮೀರುವವನಲ್ಲ. ಅಂಗಡಿ ಮಾರುವುದನ್ನು ಕೈಬಿಟ್ಟ. ಎರಡೇ ತಿಂಗಳಲ್ಲಿ ಬೆಲೆ ಮತ್ತೆ ಮೂರು ಪಟ್ಟಾಯಿತು. ಪಕ್ಕದ ಇಸ್ತ್ರಿ ಅಂಗಡಿಯವನು ಒಂದು ಸೈಟು ಮಾರಿ, ಹೊಸ ಸ್ಕೂಟರಿನಲ್ಲಿ ಬಂದು ತಮ್ಮನ ಹತ್ತಿರವೇ ಗಡ್ಡ ಹೆರೆಸಿಕೊಂಡ. ಅಂದಿನಿಂದ ತಮ್ಮ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವನ ಹೆಂಡತಿ ದಾರಿಯಲ್ಲಿ ಸಿಕ್ಕಿ, ನಿಮ್ಮ ಬುದ್ಧಿಮಾತಿಗೆ ನಾವು ತೆತ್ತಷ್ಟು ಬೆಲೆ ಯಾರೂ ತೆತ್ತಿರಲಿಕ್ಕಿಲ್ಲ ಅತ್ತಿಗೆ ಎಂದಳು.

ಆ ಮಾತು ಪತ್ರದಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ಊರಿಗೂರೇ ತಪ್ಪಿ, ತಾನೊಬ್ಬಳೇ ಸರಿಯಿರಲು ಸಾಧ್ಯವೇ? ದಿನಕ್ಕೆ ಹದಿನೈದು ಪತ್ರ ಕುಟ್ಟಿ ಕುಟ್ಟಿ ಬೆರಳ ತುದಿ ಊದಿಕೊಂಡಿತ್ತು. ಸಾಲದ್ದಕ್ಕೆ, ಊರ ಗಾಳಿ ತಾಗಿ ಮನೆ ಮಾಲೀಕನೂ ಬೆಲೆ ಏರಿಸಿದ. ಕೂಡಿಟ್ಟದ್ದು ಈಗ ಎಲ್ಲಿಗೂ ಸಾಲದು.

ಒಂದೇ ಸಲ, ಒಂದೇ ತಿಂಗಳಿಗೆ ಎಂದು ಗಂಡನನ್ನು ಒಪ್ಪಿಸಿದಳು. ಇದ್ದದ್ದನ್ನೆಲ್ಲ ಸುರಿದು ನಲವತ್ತೊಂದನೇ ಸೈಟನ್ನೇ ಕೊಂಡಳು. ಅದರ ಚಕ್ಕುಬಂದಿ ಬಾಯಿಪಾಠವಾಗಿತ್ತು. ಪತ್ರದಲ್ಲಿ ತನ್ನ ಹೆಸರು ಟೈಪು ಮಾಡುವಾಗ ಎರಡು ಸಲ ತಪ್ಪಿದಳು.

ಹತ್ತೊಂಬತ್ತು ದಿನ ಬೆಲೆ ಏರುತ್ತಲೇ ಇತ್ತು. ಇಪ್ಪತ್ತನೆಯ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಒಂಬತ್ತು ಜನ ನಿಂತಿದ್ದರು. ಒಂಬತ್ತೂ ಜನ ಮಾರುವವರೇ. ಪತ್ರಿಕೆಯಲ್ಲಿ ಏನೂ ಬಂದಿರಲಿಲ್ಲ. ನಿಲ್ದಾಣ ಬರುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಕೊಳ್ಳುವವರು ಬಂದಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಆಸ್ಪತ್ರೆಯ ದಾದಿಯೊಬ್ಬಳು ಕೈಚೀಲವನ್ನು ಎದೆಗವಚಿಕೊಂಡು ಬಂದಳು. ಆ ತಿಂಗಳಷ್ಟೇ ನಿವೃತ್ತಳಾದವಳು. ನಿಮ್ಮದೇ ಒಂದು ಸೈಟಿದೆಯಂತಲ್ಲ, ಅದನ್ನೇ ಕೊಡಿ ಎಂದಳು. ಹೇಳಿದ ಬೆಲೆಗೆ ಚೌಕಾಸಿಯನ್ನೂ ಮಾಡಲಿಲ್ಲ. ಪತ್ರದಮ್ಮ ಕಾಗದ ಏರಿಸಿ ಟೈಪು ಮಾಡತೊಡಗಿದಳು. ಇದೊಂದು ಕೈಯಲ್ಲಿದ್ದರೆ ಮುಪ್ಪಿನಲ್ಲಿ ಯಾರ ಹಂಗೂ ಬೇಡ ಎಂದು ದಾದಿ ಹೇಳುತ್ತಲೇ ಇದ್ದಳು. ಅರ್ಧ ಪುಟಕ್ಕೆ ಬೆರಳು ನಿಂತಿತು.

"ಜಾಗ ನೋಡಿದೀರಾ ಅಮ್ಮ?"

"ನೀವು ನೋಡಿರ್ತೀರಲ್ಲ," ಎಂದಳು ದಾದಿ. "ನೀವೇ ತಗೊಂಡ ಮೇಲೆ ನಾನೇನು ನೋಡೋದು?"

ಪತ್ರದಮ್ಮ ಕಾಗದವನ್ನು ಟೈಪ್‌ರೈಟರಿನಿಂದ ಎಳೆದುಬಿಟ್ಟಳು. "ನೋಡಿದೀನಿ. ಅದಕ್ಕೇ ಹೇಳ್ತೀನಿ, ದುಡ್ಡು ತಗೊಂಡು ಮನೆಗೆ ಹೋಗಿ."

ಬೆಲೆ ಇನ್ನೂ ಏರಲೆಂದು ಕಾಯುತ್ತಿದ್ದೀರಿ ಎಂದು ಹಂಗಿಸಿ ದಾದಿ ಎದ್ದಳು. ಬಾಗಿಲಲ್ಲಿದ್ದ ಒಂಬತ್ತು ಜನ ಅವಳನ್ನು ಮುತ್ತಿಕೊಂಡರು. ಒಬ್ಬ ನೂರಕ್ಕೆ ಹತ್ತು ಇಳಿಸಿದರೆ ಇನ್ನೊಬ್ಬ ಇಪ್ಪತ್ತು ಇಳಿಸಿದ. ನೋಡನೋಡುತ್ತ ಬೆಲೆ ಅರ್ಧಕ್ಕೆ ಬಂತು. ಅಗ್ಗವಾದಷ್ಟೂ ದಾದಿಗೆ ಹೆದರಿಕೆ ಹೆಚ್ಚಿತು. ಚೀಲ ಬಿಗಿಹಿಡಿದು, ಜನರನ್ನು ತಳ್ಳಿಕೊಂಡು ಓಡಿದಳು.

ವಾರ ಕಳೆಯುವಷ್ಟರಲ್ಲಿ ಸೈಟನ್ನು ಬಿಟ್ಟಿ ಕೊಡುತ್ತೇನೆಂದರೂ ಕೇಳುವವರಿರಲಿಲ್ಲ. ಗೆರೆ ಎಳೆದವನು ಊರು ಬಿಟ್ಟಿದ್ದ. ಮಾಲೀಕ ಮನೆಯನ್ನು ಬೇರೆಯವರಿಗೆ ಮಾರಿ, ತಿಂಗಳೊಳಗೆ ಖಾಲಿ ಮಾಡಿ ಎಂದ. ದಾದಿಯ ವಿಷಯವನ್ನು ಗಂಡನಿಗೆ ಹೇಳಲು ಪತ್ರದಮ್ಮನಿಗೆ ಮೂರು ದಿನ ಬಾಯಿ ಬರಲಿಲ್ಲ. ಕೇಳಿ ಅವನು ಕೈಯಲ್ಲಿದ್ದ ಕೊಡೆಯ ಕಡ್ಡಿಗೆ ತಂತಿ ಸುತ್ತಿ ಮುಗಿಸಿದ. ಆಮೇಲೆ, ಹೊಸ ಬಾಡಿಗೆ ಮನೆ ಯಾವ ಬೀದಿಯಲ್ಲಿ ಹುಡುಕೋಣ ಎಂದು ಕೇಳಿದ.

ಮನೆ ಬಿಡುವ ದಿನ ತಮ್ಮ ಕೈಗಾಡಿ ತಳ್ಳಿಕೊಂಡು ಬಂದ. ಅಕ್ಕ ಸೈಟು ಕೊಂಡದ್ದು ಅವನಿಗೆ ಆಗಷ್ಟೇ ಗೊತ್ತಾಗಿತ್ತು.

"ಹಗಲು ಕಂಡ ಬಾವಿಗೆ ಇರುಳು ಬೀಳ್ತಾರೆ ಅಂತಾರೆ," ಎಂದ. "ನೀನು ಹಗಲಲ್ಲೇ ಬಿದ್ದೆಯಲ್ಲ ಅಕ್ಕ."

"ನಿನ್ನ ಅಂಗಡಿ ಉಳೀತಲ್ಲ," ಎಂದಳು ಅವಳು.

ಅವನು ಮಂಚದ ಒಂದು ಬದಿಗೆ ಕೈಹಾಕಿದ.

ಸಿಕ್ಕಿದ್ದು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ. ಗಿರಣಿ ಶುರುವಾದರೆ ನೆಲ ನಡುಗಿ, ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಪ್ರತಿ ಸಲವೂ ಅವಳು ಬೆಚ್ಚಿ ಗೋಡೆ ಹಿಡಿಯುವುದನ್ನು ಗಂಡ ಕೆಲವು ದಿನ ನೋಡಿದ. ಆಮೇಲೆ ಹಳೆಯ ಕೊಡೆಬಟ್ಟೆ ಕತ್ತರಿಸಿ ಲೋಟಗಳ ನಡುವೆ ಸಿಕ್ಕಿಸಿದ.