ಮುಂಡಾಸಿಗೆ ಕೊಟ್ಟ ಬೆಲ್ಲ

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಬೊಂಬಾಯಿಯ ಚಿಕ್ಕಮ್ಮ ಮೂಡಬಿದ್ರೆಯ ನಮ್ಮ ಮನೆಗೆ ಆ ಸುದ್ದಿ ತಂದರು. "ಕಾಂಟ್ಯಾಕ್ಟ್ ಲೆನ್ಸ್ ಅಂತ ಉಂಟು. ಕಣ್ಣಿನ ಮೇಲೆಯೇ ಇಡುವುದು. ಹಾಕಿದ್ದು ಯಾರಿಗೂ ತಿಳಿಯುವುದಿಲ್ಲ."

"ಕಣ್ಣೊಳಗೆ ಗಾಜಾ?" ಅಜ್ಜಿ ಅಡಿಕೆ ಕತ್ತರಿಸುವುದನ್ನೇ ನಿಲ್ಲಿಸಿದರು. "ಹುಡುಗಿಗೆ ಇರುವುದೇ ಎರಡು ಕಣ್ಣು, ಮಾರಾಯ್ತಿ!"

ನಾನಾಗ ಕಾನ್ವೆಂಟ್ ಮುಗಿಸಿ ಮನೆಯಲ್ಲಿದ್ದೆ. ಮೂಗಿನ ಮೇಲೆ ದಪ್ಪ ಸ್ಪೆಕ್ಟಕಲ್ಸ್. ಅಂದಿನಿಂದ ಮಲಗುವಾಗಲೂ ಆ ಲೆನ್ಸಿನದೇ ಡ್ರೀಮ್. ಎರಡು ಹನಿ ನೀರಿನಂತೆ ಅವು ಕಣ್ಣಲ್ಲಿ ಕೂತ ಹಾಗೆ. ಅದಕ್ಕೆ ಕಾರಣವೂ ಇತ್ತು. ಆ ಭಾನುವಾರ ನಾರಾವಿಯ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬರುವವರಿದ್ದರು.

"ಕನ್ನಡಕ ತೆಗೆದಿಡು. ಬೆಲ್ಲ ನೀರು ಕೊಟ್ಟು ಒಳಗೆ ಬಾ, ಅಷ್ಟೆ," ಎಂದರು ಅಮ್ಮ.

"ಅವರು ನನ್ನನ್ನು ನೋಡಿ ಹೋಗ್ತಾರೆ. ನಾನು ಯಾರ ಮುಖ ನೋಡುವುದಮ್ಮ?"

ಬೊಂಬಾಯಿ ದೂರ, ಭಾನುವಾರ ಹತ್ತಿರ.

ಆ ದಿನ ಚಾವಡಿ ಪೂರಾ ಮಂಜು. ಬಿಳಿ ಬಿಳಿ ಆಕಾರಗಳು ತೇಲುತ್ತಿದ್ದವು. ಹಿರಿಯರಿಗೆ ಮೊದಲು ಕೊಡಬೇಕಲ್ಲ? ಆರಾಮ ಕುರ್ಚಿಯಲ್ಲಿ ಜರಿ ಮುಂಡಾಸು ಕಂಡಿತು. ಅದರ ಮುಂದೆ ತಟ್ಟೆ ಹಿಡಿದು, ಬಗ್ಗಿ, "ಬೆಲ್ಲ ತೆಗೆದುಕೊಳ್ಳಿ," ಎಂದೆ. ಉತ್ತರವಿಲ್ಲ. ಇನ್ನೂ ಬಗ್ಗಿದೆ.

ಹುಡುಗನ ದೊಡ್ಡಪ್ಪ ಮುಂಡಾಸನ್ನು ಕುರ್ಚಿಯಲ್ಲಿಟ್ಟು ಕಾಲು ತೊಳೆಯಲು ಅಂಗಳಕ್ಕೆ ಹೋಗಿದ್ದರಂತೆ! "ಅದಕ್ಕೆ ಬಾಯಿಲ್ಲ ಮಗಾ, ನನಗೆ ಕೊಡು," ಎಂದು ಅಲ್ಲಿಂದಲೇ ಕೂಗಿದರು. ಚಾವಡಿಯೇ ನಕ್ಕಿತು. ನನ್ನ ಕಣ್ಣು ತುಂಬಿ ಆ ಮಂಜು ಇನ್ನೂ ದಟ್ಟವಾಯಿತು.

ಆಗ ಮೂಲೆಯಿಂದ ಒಂದು ಮೆಲುದನಿ: "ಅವರು ಕನ್ನಡಕ ಹಾಕಿಕೊಂಡು ಬರಲಿ. ನನ್ನನ್ನೂ ಒಮ್ಮೆ ನೋಡಬೇಕಲ್ಲ?"

ಹಾಕಿಕೊಂಡು ಬಂದೆ. ನೋಡಿದೆ. ಕಿವಿ ಸ್ವಲ್ಪ ದೊಡ್ಡದಿತ್ತು. ಇರಲಿ ಎನಿಸಿತು.

ಮದುವೆಯಾದ ಮೇಲೆ, "ಬೊಂಬಾಯಿಗೆ ಹೋಗಿ ಲೆನ್ಸ್ ಮಾಡಿಸುವ," ಎಂದು ಅವರೇ ಹೇಳಿದ್ದುಂಟು. ಹೋಗುವ, ಹೋಗುವ ಎನ್ನುತ್ತಲೇ ಇದ್ದೆ. ಆದರೆ ಸಂಜೆ ಬಸದಿಯಲ್ಲಿ ಕನ್ನಡಕ ತೆಗೆದರೆ ಒಂದೊಂದು ದೀಪವೂ ದಾಸವಾಳದಷ್ಟು ಅರಳುತ್ತಿತ್ತು. ಹಾಗೇ ನೋಡುತ್ತಾ ನಿಂತು, ಆಮೇಲೆ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ತಿರುಗಿದರೆ, ಅದೇ ದೊಡ್ಡ ಕಿವಿಯ ಮುಖ ಮತ್ತೆ ಹೊಸದಾಗಿ ಕಾಣುತ್ತಿತ್ತು. ಲೆನ್ಸ್ ಹಾಕಿದ್ದರೆ ಅದನ್ನು ದಿನಾ ಫಸ್ಟ್ ಟೈಮ್ ನೋಡುವುದು ಹೇಗೆ?