ಜರ್ಮನಿಗೆ ಹೊರಟ ಕಲ್ಲು

ಕುಷ್ಟಗಿಯಲ್ಲಿದ್ದಾಗ ನಿಮ್ಮ ಕಲ್ಲು ಪರದೇಶಕ್ಕೆ ಹೋಗುತ್ತಿತ್ತಂತೆ ಎಂದು ಈಗಲೂ ಯಾರಾದರೂ ಹೊಗಳಿದರೆ ನನಗೆ ನಗು ಬರುತ್ತದೆ. ಹೋಗುತ್ತಿತ್ತು, ಸುಳ್ಳಲ್ಲ. ಆದರೆ ಯಾರ ಊರಿಗೆ, ಯಾತಕ್ಕೆ ಎಂದು ಕೇಳಿದ್ದರೆ ಮನೆಯಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಗಂಡ ಯಲಬುರ್ಗಾದ ಶೇಂಗಾ ವ್ಯಾಪಾರ ಬಿಟ್ಟು ಕುಷ್ಟಗಿಯ ಆಚೆಯ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಹಿಡಿದರು. ಗುಲಾಬಿ ಬಣ್ಣದ ಗ್ರಾನೈಟು. ಕಂಪನಿ ಎಂದು ಬೋರ್ಡೂ ಬರೆಸಿದರು. ಕಂಪನಿ ಎಂದರೆ ಒಂದು ತಗಡಿನ ಶೆಡ್ಡು, ಅದರೊಳಗೆ ಇವರು, ಅಷ್ಟೇ.

ಕಲ್ಲು ಕೊಳ್ಳಲು ಬರುತ್ತಿದ್ದವರು ಮದ್ರಾಸಿನ ಒಬ್ಬ ಏಜೆಂಟರು. ಪರದೇಶದವರ ಮುಖ ನಾವು ಕಂಡಿರಲಿಲ್ಲ. ಅವರ ಮಾತು ಏಜೆಂಟರ ಬಾಯಿಂದಲೇ ನಮಗೆ ಬರಬೇಕು, ನಮ್ಮ ಮಾತು ಅದೇ ಬಾಯಿಂದ ಅವರಿಗೆ ಹೋಗಬೇಕು. ಏಜೆಂಟರು ಬೆಂಗಳೂರಿನ ಕಡೆಯ ಕನ್ನಡ ಆಡುತ್ತಿದ್ದರು. ಬಂದವರೇ ಕಲ್ಲಿನ ಮೇಲೆ ಕೊಡಗಟ್ಟಲೆ ನೀರು ಸುರಿಸಿ, ಅದು ಆರುವ ತನಕ ಕಾಯುವರು. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಒದ್ದೆಯಾಗಿಯೇ ಉಳಿದು ಕಣ್ಣಿಗೆ ಬೀಳುತ್ತದೆ. ಒಂದಾದ ಮೇಲೆ ಒಂದು ಕಲ್ಲಿಗೆ ಕೊಂಕು ತೆಗೆದು ಬೇಡವೆಂದು, ಕಡೆಗೆ ಒಂದಕ್ಕೆ ಬಣ್ಣದ ಗುರುತು ಹಾಕಿದರು.

"ಇದು ಜರ್ಮನಿಗೆ. ಇದು ಪಾಸಾದ್ರೆ ಮುಂದೆಲ್ಲ ನಿಮ್ಮ ಕಲ್ಲೇ ತಗೋತಾರೆ. ಇಲ್ಲಾಂದ್ರೆ ನಾನು ಬೇರೆ ಕ್ವಾರಿ ನೋಡ್ಕೋಬೇಕಾಗುತ್ತೆ," ಎಂದರು.

ಅವತ್ತಿನಿಂದ ಇವರಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಶೇಂಗಾ ವ್ಯಾಪಾರ ಕೈಬಿಟ್ಟಾಗಿತ್ತು, ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ.

ಕಲ್ಲನ್ನು ಲಾರಿಗೆ ಏರಿಸುವ ದಿನ ಮನೆಮಂದಿಯೆಲ್ಲ ಕ್ವಾರಿಗೆ ಹೋದೆವು. ನಮ್ಮ ಅತ್ತೆ ಸೆರಗು ಸಿಕ್ಕಿಸಿಕೊಂಡು, ಬಟ್ಟಲು ಹಿಡಿದು ಮುಂದೆ ಬಂದರು.

"ಅಷ್ಟು ದೂರ ಹೊಂಟೈತಿ, ಹಂಗ ಬರೇ ಮೈಲೆ ಕಳಸ್ತೀರೇನು?"

ಮನೆಯ ಶೇಂಗಾ ಎಣ್ಣೆ. ಎರಡೂ ಕೈಯಿಂದ ಕಲ್ಲಿಗೆ ತಿಕ್ಕಿ ತಿಕ್ಕಿ ಹಚ್ಚಿದರು. ಮೇಲೆ ಅರಿಷಿಣ, ಕುಂಕುಮ, ಕಾಯಿ. ನಮ್ಮ ಕಡೆ ಕಲ್ಲಿಗೆ ಕೈ ಮುಗಿದರೆ ಎಣ್ಣೆ ಬಿಡದೆ ಇರುವುದಿಲ್ಲ. ಹನುಮಪ್ಪನಿಗೆ ಎಷ್ಟು ಎಣ್ಣೆ ಕುಡಿಸಿದರೂ ಅವನು ಬೇಡ ಎಂದವನಲ್ಲ. ಕಲ್ಲು ಮಿರಿಮಿರಿ ಮಿಂಚಿತು. ಇವರು ಕೈ ಮುಗಿದರು, ನಾನೂ ಮುಗಿದೆ. ಲಾರಿ ಹೊರಟಿತು.

ಕೆಲವು ವಾರಗಳಾದ ಮೇಲೆ ಏಜೆಂಟರು ನೆಟ್ಟಗೆ ಮನೆಗೇ ಬಂದರು. ಕೂರಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ.

"ಬಿರುಕು ಮುಚ್ಚೋಕೆ ಎಣ್ಣೆ ಹಚ್ಚಿ ಕಳಿಸಿದ್ದೀರಲ್ಲಾ? ಜರ್ಮನಿಯವನು ಮದ್ರಾಸ್ ಹಾರ್ಬರಿನಲ್ಲಿ ನಿಂತು ನೀರು ಹಾಕಿಸಿದ. ನೀರೆಲ್ಲ ಜಾರಿ ಹೋಯ್ತು, ಕಲ್ಲಿನ ತುಂಬ ಕರೀ ಕಲೆ. ಮೋಸಗಾರರ ಮಾಲು ಅಂದ. ನನ್ನ ಮರ್ಯಾದೆ ಏನಾಗಬೇಕು?"

"ಬಿರುಕಿಲ್ರಿ ಅದರಾಗ. ದೇವರಾಣಿ ಇಲ್ರಿ," ಎಂದರು ಇವರು. ನಮ್ಮವ್ವ ಪೂಜೆ ಮಾಡಿದಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಾಯಿಯ ಮೇಲೆ ತಪ್ಪು ಹೊರಿಸಲು ಬಾಯಿ ಬರಲಿಲ್ಲ. ಈ ಮನುಷ್ಯ ಕಳ್ಳನೆನಿಸಿಕೊಂಡೂ ಸುಮ್ಮನೆ ನಿಂತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅತ್ತೆಯೇ ಒಳಗಿನಿಂದ ಬಂದರು. "ನಾನ ಹಚ್ಚೀನ್ರಿ. ಪೂಜಿ ಮಾಡಿದೆ. ಅದಕ್ಯಾಕ ಮೋಸ ಅಂತೀರಿ?"

ಏಜೆಂಟರು ಅತ್ತೆಯನ್ನೇ ನೋಡಿದರು. ಆಮೇಲೆ ಕೂತರು, ನೀರು ಕುಡಿದರು.

"ಅಮ್ಮಾ, ನನಗೆ ಅರ್ಥ ಆಗುತ್ತೆ. ನಮ್ಮ ಮನೆಯಲ್ಲೂ ಕಲ್ಲಿಗೆ ಎಣ್ಣೆ ಹಚ್ಚುತ್ತಾರೆ. ಅವನಿಗೆ ಹೇಗೆ ಹೇಳಲಿ? ಲಾರಿಯ ಎಣ್ಣೆ ಸೋರಿತ್ತು ಅಂತೀನಿ, ಲಾರಿ ಅಂದ್ರೆ ಅವನಿಗೂ ತಿಳಿಯುತ್ತೆ. ಇನ್ನೊಂದು ಕಲ್ಲು ಕಳಿಸಿ, ನಿಮ್ಮನ್ನ ಬಿಡೋದಿಲ್ಲ. ಎಣ್ಣೆ ಮಾತ್ರ ಬೇಡ. ಗೋರಿ ಮೇಲೆ ಇಡೋ ಕಲ್ಲು ಅದು, ಕಲೆ ಇರಬಾರದು."

ಇವರು ಉಸಿರು ಬಿಟ್ಟರು. ನಾನೂ ಬಿಟ್ಟೆ. ಗೋರಿ ಎಂಬ ಮಾತು ನಮ್ಮಿಬ್ಬರ ಕಿವಿಗೂ ಬಿತ್ತು, ಆದರೆ ನಮಗೆ ಆಗ ಬೇಕಾಗಿದ್ದದ್ದು ಏಜೆಂಟರ ಹೂಂ ಒಂದೇ.

ಅತ್ತೆಯ ಮುಖ ಸಣ್ಣದಾಯಿತು. "ಗೋರೀಗೇನ್ರಿ ಅದು? ಅವರ ಮನಿಯಾಗ ಯಾರು ಸತ್ತಾರ್ರಿ?"

"ಯಾರೋ ಏನೋ, ಅದು ನನಗೂ ಗೊತ್ತಿಲ್ಲಮ್ಮಾ," ಎಂದು ಏಜೆಂಟರು ಎದ್ದರು.

"ಅಯ್ಯ ಶಿವನ! ನನ್ನಿಂದ ಯಾರದೋ ಗೋರಿಗೆ ಕಲ್ಲಿಲ್ಲದಂಗಾತಲ್ಲ," ಎಂದು ಅತ್ತೆ ಮಗನ ಕಡೆ ತಿರುಗಿದರು. "ಲಗೂನ ಇನ್ನೊಂದು ಕಳಸೋ. ಪಾಪ, ಅವರ ಮಂದಿ ಹಾದಿ ನೋಡತಿರತಾರ."